ಬುಧಿಸಾಗರ ಕುಂದರನ್: ಮೂಲ್ಕಿಯ ವಿಕೆಟ್ ಕೀಪರ್, ಮದರಾಸಿನ 192

ಭಾರತ ಕ್ರಿಕೆಟ್ ತಂಡದ ಮಾಜಿ ವಿಕೆಟ್ ಕೀಪರ್ ಬುಧಿಸಾಗರ ಕೃಷ್ಣಪ್ಪ ಕುಂದರನ್ ಅವರು 1939ರ ಅಕ್ಟೋಬರ್ 2ರಂದು ಮೂಲ್ಕಿಯಲ್ಲಿ ಜನಿಸಿದರು. ದಕ್ಷಿಣ ಕನ್ನಡ ಜಿಲ್ಲೆಯು ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದುದರಿಂದ, ಹುಟ್ಟಿನಿಂದಲೇ ಅವರಿಗೂ ನಮ್ಮ ಈ ನಗರಕ್ಕೂ ನಂಟಿತ್ತೆನ್ನಬಹುದು. ಆದರೆ ಅವರ ಹೆಸರನ್ನು ಇಲ್ಲಿ ಸ್ಮರಿಸಲು ಅದಕ್ಕಿಂತ ದೊಡ್ಡ ಕಾರಣವಿದೆ.

ಬೊಂಬಾಯಿಯಲ್ಲಿ ಆಟ ಕಲಿತ ಕುಂದರನ್, ರಣಜಿ ಟ್ರೋಫಿಯ ಒಂದು ಪಂದ್ಯವನ್ನೂ ಆಡುವ ಮೊದಲೇ, 1960ರ ಜನವರಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಅಲ್ಲಿನ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಟೆಸ್ಟ್ ಆಡಿದರು. ಆಗ ಅವರಿಗೆ ಇಪ್ಪತ್ತು ವರ್ಷ. ಮುಂದಿನ ಟೆಸ್ಟ್ ಮದರಾಸಿನಲ್ಲಿ. ಭಾರತ ಇನ್ನಿಂಗ್ಸ್ ಅಂತರದಿಂದ ಸೋತ ಆ ಪಂದ್ಯದಲ್ಲಿ ಆರಂಭ ಆಟಗಾರನಾಗಿ ಇಳಿದು ಅವರು ಗಳಿಸಿದ್ದು 71 ಮತ್ತು 33. ಅನಂತರವಷ್ಟೇ ರೈಲ್ವೇಸ್ ಪರವಾಗಿ ರಣಜಿ ಪ್ರವೇಶ. ಮೊದಲ ಪಂದ್ಯದಲ್ಲಿಯೇ ದ್ವಿಶತಕ!

ಕೋಯಂಬೇಡಿನಿಂದ ಮೆಟ್ರೋ ಹಿಡಿದು ಸೆಂಟ್ರಲ್‌ನಲ್ಲಿ ಇಳಿದರೆ ಜವಾಹರಲಾಲ್ ನೆಹರು ಕ್ರೀಡಾಂಗಣ ದೂರವಿಲ್ಲ. 1993ರಲ್ಲಿ ಹೊಸದಾಗಿ ಕಟ್ಟಲಾದ ಈಗಿನ ಕ್ರೀಡಾಂಗಣವು ಫುಟ್‌ಬಾಲ್ ಹಾಗೂ ಅಥ್ಲೆಟಿಕ್ಸ್‌ಗೆ ಹೆಸರಾಗಿದ್ದರೂ, ಆ ಸ್ಥಳದಲ್ಲಿದ್ದ ಕಾರ್ಪೊರೇಷನ್ ಕ್ರೀಡಾಂಗಣದಲ್ಲಿ ಆಗ ಟೆಸ್ಟ್ ಪಂದ್ಯಗಳು ನಡೆಯುತ್ತಿದ್ದವು. 1964ರ ಜನವರಿಯಲ್ಲಿ ಇಂಗ್ಲೆಂಡಿನ ವಿರುದ್ಧ ಅಲ್ಲಿ ಕೀಪರ್ ಸ್ಥಾನಕ್ಕೆ ಫರೂಕ್ ಇಂಜಿನಿಯರ್ ಅವರನ್ನು ಆಡಿಸಬೇಕೆಂದಿತ್ತು. ಅವರು ಅಸ್ವಸ್ಥರಾದುದರಿಂದ ಕುಂದರನ್ನರಿಗೆ ಕರೆ ಬಂತು. ಮೊದಲ ದಿನದ ಆಟ ಮುಗಿದಾಗ ಅವರು ಔಟಾಗದೆ 170. ಮರುದಿನ 192ಕ್ಕೆ ನಿರ್ಗಮಿಸಿದರು. ಬಾಪೂ ನಾಡಕರ್ಣಿಯವರು ಸತತ 21 ಮೇಡನ್ ಓವರುಗಳನ್ನು ಎಸೆದದ್ದು ಇದೇ ಪಂದ್ಯದಲ್ಲಿ. ಆ ದಾಖಲೆಯನ್ನು ಎಲ್ಲರೂ ಹೇಳುತ್ತಾರೆ. 192ನ್ನು ನೆನೆಯುವವರು ಕಡಿಮೆ.

ದೆಹಲಿಯಲ್ಲಿ ಮತ್ತೊಂದು ಶತಕ ಬಂತು. ಸರಣಿಯಲ್ಲಿ ಒಟ್ಟು 525 ರನ್. ಇಷ್ಟಾದರೂ ಅದೇ ವರ್ಷ ಆಸ್ಟ್ರೇಲಿಯ ಬಂದಾಗ ಕೈಗವಸು ದೊರೆತದ್ದು ಇಂದ್ರಜಿತ್‌ಸಿಂಹಜಿಯವರಿಗೆ. 1966ರ ಕೊನೆಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಬೊಂಬಾಯಿಯಲ್ಲಿ 79 ಗಳಿಸಿದರೂ, ಮೂರನೆಯ ಟೆಸ್ಟಿಗೆ ಕೈಬಿಡಲಾಯಿತು. ಚೆಪಾಕಿನಲ್ಲಿ ನಡೆದ ಆ ಪಂದ್ಯದಲ್ಲಿ ಇಂಜಿನಿಯರ್ ಊಟದ ವಿರಾಮಕ್ಕೆ ಮೊದಲೇ 94 ಬಾರಿಸಿದ್ದರಿಂದ ವಾದಕ್ಕೆ ಎಡೆಯೇ ಉಳಿಯಲಿಲ್ಲ. ಇಂಜಿನಿಯರ್ ಅವರ ಪ್ರತಿಭೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 525 ರನ್ ಗಳಿಸಿದ ಕೀಪರನನ್ನು ಮುಂದಿನ ಸರಣಿಯಲ್ಲಿಯೇ ಮರೆತದ್ದು ನ್ಯಾಯವೆನಿಸದು.

1967ರಲ್ಲಿ ಎಡ್ಜ್‌ಬಾಸ್ಟನ್ನಿನಲ್ಲಿ ಆಡಿದ್ದೇ ಅವರ ಕೊನೆಯ ಟೆಸ್ಟ್. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಇದ್ದ ತಂಡದಲ್ಲಿ ವೇಗದ ಬೌಲರೇ ಇರಲಿಲ್ಲ. ಹೊಸ ಚೆಂಡನ್ನು ಹಂಚಿಕೊಂಡವರು ವಿ. ಸುಬ್ರಹ್ಮಣ್ಯ ಮತ್ತು ಕುಂದರನ್, ಇಬ್ಬರೂ ಮೈಸೂರು ತಂಡದವರು! ಆ ಪಂದ್ಯದಲ್ಲಿ ಬ್ಯಾಟಿಂಗನ್ನೂ ಅವರೇ ಆರಂಭಿಸಿದರು. ಒಟ್ಟು 18 ಟೆಸ್ಟ್‌ಗಳಲ್ಲಿ 981 ರನ್, 23 ಕ್ಯಾಚ್, 7 ಸ್ಟಂಪಿಂಗ್.

ಆಟವನ್ನೇ ವೃತ್ತಿಯಾಗಿ ನಂಬಿದವರಿಗೆ ಅಂದಿನ ಭಾರತದಲ್ಲಿ ಜೀವನೋಪಾಯ ಸುಲಭವಿರಲಿಲ್ಲ. 1970ರ ಸುಮಾರಿಗೆ ಅವರು ಸ್ಕಾಟ್ಲೆಂಡಿಗೆ ತೆರಳಿ, ಗ್ಲಾಸ್ಗೋ ಸಮೀಪದ ಡ್ರಂಪೆಲಿಯರ್ ಕ್ಲಬ್ಬಿನಲ್ಲಿ ವೃತ್ತಿಪರ ಆಟಗಾರರಾದರು. 1980ರ ದಶಕದಲ್ಲಿ ಬೆನ್ಸನ್ ಅಂಡ್ ಹೆಡ್ಜಸ್ ಕಪ್ ಪಂದ್ಯಗಳಲ್ಲಿ ಸ್ಕಾಟ್ಲೆಂಡ್ ತಂಡದ ಪರವಾಗಿಯೂ ಆಡಿದರು. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ನಿಧನರಾದರು.

ಭಾರತದ ವಿಕೆಟ್ ಕೀಪರ್ ಒಬ್ಬರ ಅತ್ಯಧಿಕ ಟೆಸ್ಟ್ ಮೊತ್ತವಾಗಿ ಅವರ 192 ನಲವತ್ತೊಂಬತ್ತು ವರ್ಷ ನಿಂತಿತು. 2013ರ ಫೆಬ್ರವರಿಯಲ್ಲಿ ಮಹೇಂದ್ರ ಸಿಂಗ್ ಧೋನಿ 224 ಗಳಿಸಿ ಅದನ್ನು ದಾಟಿದರು. ಅದೂ ಚೆನ್ನೈಯಲ್ಲಿಯೇ, ಚೆಪಾಕಿನಲ್ಲಿ.