ಗುಜರಿ ಅಂಗಳದಿಂದ ಹಳಿಗೆ ಮರಳಿದ ಉಗಿ ಎಂಜಿನ್‌ಗಳು

ವೇಲ್ಸ್‌ನ ಕಡಲತೀರದ ಊರು ಬ್ಯಾರಿ. ಬ್ರಿಟಿಷ್ ರೈಲ್ವೆ ಉಗಿಯನ್ನು ಕೈಬಿಟ್ಟು ಡೀಸೆಲ್ ಮತ್ತು ವಿದ್ಯುತ್ತಿನತ್ತ ಹೊರಳಿದಾಗ ಇಲ್ಲಿನ ಗುಜರಿ ವ್ಯಾಪಾರಿ ಡೈ ವುಡ್‌ಹ್ಯಾಮ್ ಒಟ್ಟು 297 ಎಂಜಿನ್‌ಗಳನ್ನು ಕೊಂಡರು. ಒಡೆಯಲು ಸುಲಭವಾದ ಹಳೆಯ ವ್ಯಾಗನ್‌ಗಳನ್ನೇ ಮೊದಲು ಕೈಗೆತ್ತಿಕೊಂಡದ್ದರಿಂದ ಎಂಜಿನ್‌ಗಳು ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತ ವರ್ಷಗಟ್ಟಲೆ ನಿಂತವು. ಆ ವಿಳಂಬವೇ ಅವುಗಳಿಗೆ ವರವಾಯಿತು.

ಸ್ವಯಂಸೇವಕರು ರೈಲು ಓಡಿಸಬಲ್ಲರೆಂಬುದನ್ನು ವೇಲ್ಸ್‌ನದೇ ಟ್ಯಾಲಿಲಿನ್ ರೈಲ್ವೆ 1951ರಲ್ಲಿ ತೋರಿಸಿಕೊಟ್ಟಿತ್ತು. 1968ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಉಗಿಯುಗ ಮುಗಿಯಿತು. ಮರುತಿಂಗಳೇ ಉತ್ಸಾಹಿಗಳು ಹಣ ಕೂಡಿಸಿ ಕೊಂಡ 43924 ಸಂಖ್ಯೆಯ ಎಂಜಿನ್ ಬ್ಯಾರಿಯಿಂದ ಹೊರಬಿತ್ತು. 1990ರ ಹೊತ್ತಿಗೆ ಹೀಗೆ ಪಾರಾದವು 213.

ಕೊಳ್ಳುವುದು ಸುಲಭ, ಜೀವ ತುಂಬುವುದು ಕಷ್ಟ. ಕಳ್ಳರು ಹಿತ್ತಾಳೆ, ತಾಮ್ರದ ಭಾಗಗಳನ್ನು ಬಿಚ್ಚಿ ಒಯ್ದಿದ್ದರು. ಎಷ್ಟೋ ಎಂಜಿನ್‌ಗಳ ದುರಸ್ತಿಗೆ ದಶಕಗಳೇ ಹಿಡಿದವು. ದುರಸ್ತಿಯಾದ ಮೇಲೂ ಕೆಲಸ ತೀರದು. ಸುಮಾರು ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಕಳಚಿ ಪರೀಕ್ಷಿಸಲೇಬೇಕು.

ಈ ಶೆಡ್‌ಗಳಿಗೆ ಬರುವ ಹುಡುಗ ಹುಡುಗಿಯರ ಕೈಗೆ ಮೊದಲು ಸಿಗುವುದು ಎಣ್ಣೆ ಮತ್ತು ಚಿಂದಿ ಬಟ್ಟೆ. ಎಂಜಿನ್ ಒರೆಸುತ್ತಲೇ ಅದರ ಅಂಗಾಂಗಗಳ ಪರಿಚಯವಾಗುತ್ತದೆ. ಅನಂತರ ಫೈರ್‌ಮನ್, ಹಲವು ವರ್ಷಗಳ ಬಳಿಕ ಡ್ರೈವರ್. ಇದು ಹಳೆಯ ರೈಲ್ವೆಯದೇ ಕ್ರಮ. ಸಂಬಳವಿಲ್ಲ, ಮಸಿಯಂತೂ ಖಂಡಿತ.

ಉಗಿಯ ಕಾಲದಲ್ಲಿ ದುಡಿದವರೆಲ್ಲ ಇಂದು ಇಳಿವಯಸ್ಸಿನವರು. ಬೆಂಕಿಯ ಬಣ್ಣ ನೋಡಿ ಕಲ್ಲಿದ್ದಲು ಹಾಕುವ ಹದ ಪುಸ್ತಕದಿಂದ ಬರುವಂಥದಲ್ಲ. ಅದನ್ನು ಎಳೆಯರ ಕೈಗೆ ದಾಟಿಸದಿದ್ದರೆ, ಉಳಿಸಿಕೊಂಡ ಎಂಜಿನ್ ಮತ್ತೆ ಬರೀ ಕಬ್ಬಿಣ.