ಡಾಲರ್ ಸಂಬಳ, ಪ್ಯಾರಿಸ್ ಮನೆ: ಲೆಕ್ಕ ಯಾರ ಖಾತೆಗೆ?

1/6
ಫಾರಿನ್ ಸಂಬಳ ತಗೊಂಡು ಕಡಿಮೆ ಖರ್ಚಿನ ದೇಶದಲ್ಲಿ ಆರಾಮಾಗಿರೋದು ಲ್ಯಾಪ್‌ಟಾಪ್ ಕಾಲದ ಐಡಿಯಾ ಅಂದ್ಕೊಂಡಿದ್ದೀರಾ? ನೂರು ವರ್ಷದ ಹಿಂದೇನೇ ಇದು ನಡೆದಿದೆ. ಬನ್ನಿ, 1920ರ ದಶಕದ ಯುರೋಪಿಗೆ ಹೋಗೋಣ.

2/6
ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರ್‌ಗೆ ಸುಮಾರು 5 ಫ್ರಾಂಕ್ ಸಿಗ್ತಿತ್ತು. 1922ರಲ್ಲಿ ಸುಮಾರು 12. ಫ್ರಾನ್ಸಲ್ಲೂ ಬೆಲೆ ಏರಿತ್ತು ನಿಜ, ಆದ್ರೆ ಡಾಲರ್ ಇದ್ದವರಿಗೆ ಪ್ಯಾರಿಸ್ ಅಗ್ಗವಾಗೇ ಇತ್ತು. ಅಮೆರಿಕದ ಬರಹಗಾರರು, ಕಲಾವಿದರು ಸಾಲುಸಾಲಾಗಿ ಬಂದ್ರು. ಅರ್ನೆಸ್ಟ್ ಹೆಮಿಂಗ್ವೇ 1921ರ ಡಿಸೆಂಬರ್‌ನಲ್ಲಿ ಬಂದಾಗ ವಯಸ್ಸು 22, ನಮಗಿಂತ ಎರಡೇ ವರ್ಷ ದೊಡ್ಡವನು! ಕೆನಡಾದ 'ಟೊರೊಂಟೊ ಸ್ಟಾರ್' ಪತ್ರಿಕೆಗೆ ವರದಿ ಬರೀತಿದ್ದ. ಹೆಂಡತಿ ಹ್ಯಾಡ್ಲಿಗೆ ಮನೆ ಕಡೆಯಿಂದ ಬಂದ ಆಸ್ತಿಯ ಆದಾಯಾನೂ ಇತ್ತು.

3/6
1922ರಲ್ಲಿ ಇಬ್ಬರೂ ಸ್ಟ್ರಾಸ್‌ಬರ್ಗ್‌ನಿಂದ ರೈನ್ ನದಿ ದಾಟಿ ಜರ್ಮನಿಯ ಕೇಲ್ ಪಟ್ಟಣಕ್ಕೆ ಹೋದ್ರು. 10 ಫ್ರಾಂಕ್ ಕೊಟ್ಟಿದ್ದಕ್ಕೆ 670 ಮಾರ್ಕ್ ಸಿಕ್ತು. ಇಬ್ಬರೂ ದಿನವಿಡೀ ಧಾರಾಳವಾಗಿ ಖರ್ಚು ಮಾಡಿದ್ಮೇಲೂ 120 ಮಾರ್ಕ್ ಉಳೀತು ಅಂತ ಅವನೇ ಪತ್ರಿಕೇಲಿ ಬರೆದ.

4/6
ಅದೇ ವರದಿಯಲ್ಲಿ ಇನ್ನೊಂದು ವಿಷಯ ಇದೆ. ಇವರು 12 ಮಾರ್ಕ್‌ಗೆ ಐದು ಸೇಬು ತಗೊಂಡಾಗ ಒಬ್ಬ ಬಿಳಿಗಡ್ಡದ ಅಜ್ಜ ಬೆಲೆ ಕೇಳ್ದ. ಹೇಳಿದ್ಮೇಲೆ ತಲೆ ಅಲ್ಲಾಡಿಸಿ, ಅಷ್ಟು ತನ್ನ ಕೈಲಾಗಲ್ಲ ಅಂದು ಹೋಗ್ಬಿಟ್ಟ. ಆ ಊರಿನ ಬೇಕರಿಯಲ್ಲಿ ಗಡಿಯಾಚೆಯಿಂದ ಬಂದ ಹುಡುಗರು ಕೇಕ್ ಪೂರ್ತಿ ಖಾಲಿ ಮಾಡಿದ್ರು. ಮಾಲೀಕನ ಮುಖದಲ್ಲಿ ಮಾತ್ರ ಖುಷಿ ಇರ್ಲಿಲ್ಲ. ಯಾಕೆ? ಕಾಮರ್ಸ್‌ನವರೇ, ಯೋಚನೆ ಮಾಡಿ: ಇವತ್ತು ಮಾರಿದ ದುಡ್ಡಲ್ಲಿ ನಾಳೆ ಅಷ್ಟೇ ಮೈದಾ, ಸಕ್ಕರೆ ಬರಲ್ಲ. ಪುಸ್ತಕದಲ್ಲಿ ಲಾಭ, ಗೋಡೌನ್‌ನಲ್ಲಿ ನಷ್ಟ! 1923ರ ನವೆಂಬರ್‌ಗೆ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ ಆಯ್ತು. ಯುದ್ಧಕ್ಕೆ ಮುಂಚೆ ಇದ್ದದ್ದು ಬರೀ 4.2. ಜೀವನವಿಡೀ ಕೂಡಿಟ್ಟ ಉಳಿತಾಯ ನೀರಲ್ಲಿ ಹೋಮ.

5/6
ಫ್ರಾನ್ಸಲ್ಲೂ ಸಿಟ್ಟು ಬೆಳೀತು. 1926ರ ಜುಲೈನಲ್ಲಿ ಡಾಲರ್ ಬೆಲೆ 50 ಫ್ರಾಂಕ್ ಹತ್ತಿರ ಬಂತು. ವಿದೇಶಿ ಪ್ರವಾಸಿಗರ ಬಸ್‌ಗಳನ್ನ ಪ್ಯಾರಿಸ್ ಜನ ಸುತ್ತುವರಿದು ಕೂಗಾಡಿದ್ರು. ಆಮೇಲೆ ಪ್ವಾಂಕಾರೆ ಸರ್ಕಾರ ಬಂದು, ವರ್ಷದ ಕೊನೆಗೆ ದರ 25ರ ಆಸುಪಾಸಲ್ಲಿ ನಿಲ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ತವರಿನಿಂದ ಬರ್ತಿದ್ದ ಆದಾಯ ಬತ್ತಿತು. 1933ರಲ್ಲಿ ಡಾಲರ್ರೇ ಇಳೀತು. ಬಹಳಷ್ಟು ಜನ ಗಂಟುಮೂಟೆ ಕಟ್ಟಿದ್ರು.

6/6
ಡಾಲರ್‌ನಲ್ಲಿ ದುಡಿಯೋದು ತಪ್ಪಲ್ಲ. ಆದ್ರೆ ವಿನಿಮಯ ದರ ನಮ್ಮ ಪ್ರತಿಭೆಗೆ ಸಿಕ್ಕ ಬಹುಮಾನವೂ ಅಲ್ಲ. ಆ ಅಜ್ಜ ಸೋಮಾರಿಯಾಗಿರಲಿಲ್ಲ, ಹೆಮಿಂಗ್ವೇ ಆ ದಿನ ಜಾಸ್ತಿ ದುಡಿದಿರಲೂ ಇಲ್ಲ. ಇಬ್ಬರ ಜೇಬಲ್ಲಿದ್ದ ನೋಟು ಬೇರೆ, ಅಷ್ಟೇ.

ಈಗ ನೀವು ಹೇಳಿ: ಹೊರಗಿನ ದುಡ್ಡು ಬಂದಾಗ ಊರು ಉದ್ಧಾರ ಆಗುತ್ತಾ, ಬಾಡಿಗೆ ಮಾತ್ರ ಏರುತ್ತಾ? ಕಾಮೆಂಟ್‌ನಲ್ಲಿ ಜಗಳ ಆಡೋಣ. 👇

#ಇತಿಹಾಸದಲೆಕ್ಕ #ಕನ್ನಡದಲ್ಲಿಕಾಮರ್ಸ್