ಸೊಂಟದ ಕೀಲಿನ ಕೇಂದ್ರ: ಪತ್ತೆಯ ಚರಿತ್ರೆ

ತೊಡೆಮೂಳೆಯ ಗುಂಡುತಲೆ ಸೊಂಟಮೂಳೆಯ ಬಟ್ಟಲಲ್ಲಿ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಅದೇ ಸೊಂಟದ ಕೀಲಿನ ಕೇಂದ್ರ. ಮಂಡಿಯನ್ನು ಬೆರಳಿಂದ ತಡವಿ ಗುರುತಿಸಬಹುದು. ಸ್ನಾಯುಗಳಡಿ ಹುದುಗಿರುವ ಈ ಬಿಂದು ಕೈಗೆ ಸಿಗದು. ಇದು ತಪ್ಪಿದರೆ ನಡಿಗೆಯ ವಿಶ್ಲೇಷಣೆಯಲ್ಲಿ ಸೊಂಟದ ಲೆಕ್ಕದ ಜೊತೆಗೆ ಮಂಡಿಯ ಲೆಕ್ಕವೂ ಕೆಡುತ್ತದೆ.

ಜರ್ಮನಿಯ ವೇಬರ್ ಸಹೋದರರು 1836ರಲ್ಲಿ, ಬ್ರೌನೆ ಮತ್ತು ಫಿಷರ್ 1895ರಲ್ಲಿ ನಡಿಗೆಯ ಅಧ್ಯಯನಕ್ಕೆ ತಳಹದಿ ಹಾಕಿದರು. ಚಲನೆಯನ್ನು ಚಿತ್ರದಲ್ಲಿ ಹಿಡಿದ ಮಾತ್ರಕ್ಕೆ ಕೇಂದ್ರ ಸಿಗುವುದಿಲ್ಲ. ಉದಾಹರಣೆಗೆ, ಮೈಸೂರಿನಲ್ಲಿ 1938ರಲ್ಲಿ ತೆಗೆದ ಮೂಕಚಿತ್ರದಲ್ಲಿ ಯೋಗಗುರುಗಳಾದ ಟಿ. ಕೃಷ್ಣಮಾಚಾರ್ಯರೂ ಬಿ.ಕೆ.ಎಸ್. ಅಯ್ಯಂಗಾರರೂ ಆಸನ ಹಾಕುವುದನ್ನು ಇಂದಿಗೂ ನೋಡಬಹುದು. ಪದ್ಮಾಸನದಲ್ಲಿ ತಿರುಗಬೇಕಾದುದು ಸೊಂಟದ ಕೀಲು. ಅದು ತಿರುಗದಿದ್ದರೆ ಮಂಡಿ ತಿರುಚಿಕೊಳ್ಳುತ್ತದೆ. ಆದರೆ ಮೈಮೇಲೆ ಅಳತೆಯ ಗುರುತುಗಳಿಲ್ಲದ ಆ ಚಿತ್ರದಿಂದ ಕೇಂದ್ರವನ್ನು ನಿಖರವಾಗಿ ಹಿಡಿಯಲಾಗದು.

ನಿಜವಾದ ತಕರಾರು ಶುರುವಾದುದು 1980ರ ದಶಕದಲ್ಲಿ. ಒಂದು ದಾರಿ ಸೂತ್ರದ್ದು. ಬೆಲ್ ಮತ್ತು ಸಂಗಡಿಗರು (1989–90) ಸೊಂಟಮೂಳೆಯ ಎಡಬಲ ಮುಂಚಾಚುಗಳ ನಡುವಿನ ದೂರವನ್ನು ಆಧಾರವಾಗಿಟ್ಟುಕೊಂಡರು: ಮುಂಚಾಚಿನಿಂದ ಅದರ ಶೇ. 14ರಷ್ಟು ಒಳಕ್ಕೆ, ಶೇ. 30ರಷ್ಟು ಕೆಳಕ್ಕೆ. ಹಿಂದಕ್ಕೆಷ್ಟು ಎಂಬಲ್ಲಿ ಗೊಂದಲವಿದೆ, ಶೇ. 19 ಮತ್ತು ಶೇ. 22 ಎರಡೂ ಬಳಕೆಯಲ್ಲಿವೆ. ಆ ದೂರ 24 ಸೆಂ.ಮೀ. ಇದ್ದರೆ ಎರಡರ ನಡುವೆ ಸುಮಾರು 7 ಮಿ.ಮೀ. ವ್ಯತ್ಯಾಸ ಬೀಳುತ್ತದೆ.

ಇನ್ನೊಂದು ದಾರಿ ಚಲನೆಯದು. ಇಟಲಿಯ ಕಪೋಟ್ಸೊ 1984ರಲ್ಲಿ ಇದನ್ನು ಮುಂದಿಟ್ಟರು. ವ್ಯಕ್ತಿ ಒಂಟಿಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ಮುಂದೆ, ಹಿಂದೆ, ಪಕ್ಕಕ್ಕೆ ಆಡಿಸಿ, ಕೊನೆಗೆ ಗಾಳಿಯಲ್ಲಿ ಸುತ್ತು ಬರೆಯುತ್ತಾನೆ. ತೊಡೆಗೆ ಅಂಟಿಸಿದ ಹೊಳೆಯುವ ಗುಂಡುಗಳನ್ನು ಹಲವು ಕ್ಯಾಮೆರಾಗಳು ಹಿಂಬಾಲಿಸುತ್ತವೆ. ಸೊಂಟವನ್ನು ಸ್ಥಿರವೆಂದು ಎಣಿಸಿದರೆ ಪ್ರತಿ ಗುಂಡೂ ಒಂದು ಗೋಳದ ಮೇಲೆ ಚಲಿಸುತ್ತದೆ. ಆ ಗೋಳಗಳಿಗೆಲ್ಲ ಒಂದೇ ಕೇಂದ್ರ. ಆದರೆ ಗುಂಡು ಕೂತಿರುವುದು ಚರ್ಮದ ಮೇಲೆ, ಮೂಳೆಯ ಮೇಲಲ್ಲ. ಚರ್ಮ ಜಾರಿದಷ್ಟೂ ಕೇಂದ್ರ ಜಾರುತ್ತದೆ.

ಲಿಯಾರ್ಡಿನಿ ತಂಡ 1999ರಲ್ಲಿ ಎಕ್ಸ್‌ರೇ ಅಳತೆಯೊಡನೆ ಹೋಲಿಸಿದಾಗ ಚಲನೆಯ ದಾರಿಯೇ ಹೆಚ್ಚು ಹತ್ತಿರ ಬಂದಿತು. ಅಂತರರಾಷ್ಟ್ರೀಯ ಬಯೋಮೆಕ್ಯಾನಿಕ್ಸ್ ಸಂಘದ 2002ರ ಶಿಫಾರಸೂ ಅದೇ ಕಡೆಗೆ ವಾಲಿತು. ಕಾಲು ಸಾಕಷ್ಟು ಆಡದವರಿಗೆ ಮಾತ್ರ ಸೂತ್ರ. ಇಲ್ಲೇ ತೊಡಕು: ನಡಿಗೆ ಪರೀಕ್ಷೆಗೆ ಬರುವವರಲ್ಲಿ ಹಲವರ ಕೀಲು ಬಿಗಿದಿರುತ್ತದೆ. ಆರೋಗ್ಯವಂತ ವಯಸ್ಕರ ಮೂಳೆ ಅಳೆದು ಮಾಡಿದ ಸೂತ್ರ ಮಕ್ಕಳಿಗೆ ಒಗ್ಗುವುದೇ ಎಂಬ ಪ್ರಶ್ನೆಗೆ ಹ್ಯಾರಿಂಗ್ಟನ್ ತಂಡ 2007ರಲ್ಲಿ ಎಂಆರ್‌ಐ ನೆರವಿನಿಂದ ಹೊಸ ಸೂತ್ರ ಕೊಟ್ಟಿತು. ಮೆದುಳಿನ ಪಾರ್ಶ್ವವಾಯು ಇದ್ದ ಮಕ್ಕಳೂ ಆ ಅಧ್ಯಯನದಲ್ಲಿದ್ದರು.

ಹೀಗಾಗಿ, ಯಾವ ವಿಧಾನದಿಂದ ಕೇಂದ್ರ ಗುರುತಿಸಲಾಯಿತೆಂದು ಹೇಳದ ವರದಿಯ ಅಂಕಿಗಳನ್ನು ಬೇರೆ ಪ್ರಯೋಗಾಲಯದ ಅಂಕಿಗಳೊಡನೆ ಹೋಲಿಸುವಂತಿಲ್ಲ.